ಮುಂಬಯಿಯ ಬೇಸಿಗೆ ಸಾಹಿತ್ಯ ತರಗತಿ: ಬರುವ ಮುನ್ನ ಎಲ್ಲರೂ ಕೇಳುವ ಪ್ರಶ್ನೆಗಳು

ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ, ಆರು ವಾರ, ಸಾಂತಾಕ್ರೂಜ್ ಪೂರ್ವದಲ್ಲಿ ಕನ್ನಡದಲ್ಲಿ ನಡೆಯುವ ಸ್ನಾತಕೋತ್ತರ ಮಟ್ಟದ ಬರವಣಿಗೆ ಮತ್ತು ಸಾಹಿತ್ಯ ತರಗತಿಗೆ ಸೇರುವವರಿಗಾಗಿ ಈ ಪುಟ. ಅರ್ಜಿ, ಶುಲ್ಕದ ವಿವರ ಪ್ರವೇಶಪತ್ರದ ಜೊತೆಗೇ ಬರುತ್ತದೆ. ಇಲ್ಲಿರುವುದು ಬಂದ ಮೇಲಿನ ದಿನನಿತ್ಯದ ಸಂಗತಿ. ಸೇರುವವರಲ್ಲಿ ಎಂ.ಎ. ಓದುವವರಿದ್ದಾರೆ, ಪಿಎಚ್.ಡಿ. ಮಾಡುವವರಿದ್ದಾರೆ, ಬ್ಯಾಂಕು, ಶಾಲೆ, ಹೋಟೆಲುಗಳಲ್ಲಿ ದುಡಿಯುತ್ತಾ ಕಥೆ ಕವಿತೆ ಬರೆಯುವವರೂ ಇದ್ದಾರೆ. ಇವರೆಲ್ಲರಿಗೂ ಇಲ್ಲಿ ಮೊದಲು ಸಾಲದಾಗುವುದು ಸಮಯ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಅದನ್ನು ಉಳಿಸಿಕೊಳ್ಳುವ ದಾರಿಯ ಬಗ್ಗೆಯೇ ಇವೆ.

ಆರು ವಾರದಲ್ಲಿ ಒಂದು ಕಾದಂಬರಿ ಮುಗಿಸಬಹುದೇ?

ಆಗುವುದಿಲ್ಲ. ಆ ಲೆಕ್ಕ ಹಾಕಿಕೊಂಡು ಬಂದವರು ಎರಡನೇ ವಾರಕ್ಕೇ ಕಂಗಾಲಾಗುತ್ತಾರೆ. ಈ ತರಗತಿ ಇರುವುದು ಬರೆದದ್ದನ್ನು ತಿದ್ದಲಿಕ್ಕೆ. ಬರುವಾಗಲೇ ಎರಡು ಮುಗಿದ ಕರಡು ಕೈಯಲ್ಲಿರಲಿ: ಕಥೆಯಾದರೆ 2000ದಿಂದ 2500 ಪದಗಳ ಎರಡು ಕಥೆ, ಕವಿತೆಯಾದರೆ ಐದೈದರ ಎರಡು ಗುಚ್ಛ, ಕಾದಂಬರಿಯಾದರೆ ಎರಡು ಅಧ್ಯಾಯ ಮತ್ತು ಅರ್ಧ ಪುಟದ ಸಾರಾಂಶ.

ಮುಗಿದ ಕರಡು ಅಂದರೆ ಕೊನೆಯ ವಾಕ್ಯದವರೆಗೂ ಬರೆದದ್ದು. ಅರ್ಧಕ್ಕೆ ನಿಂತ ಕಥೆಯನ್ನು ಚರ್ಚೆಗೆ ಇಟ್ಟರೆ ಕೂತವರೆಲ್ಲ ತಮಗೆ ತೋಚಿದ ಮುಕ್ತಾಯ ಹೇಳುತ್ತಾರೆ. ಬರೆದವರಿಗೆ ತಾವು ಎಲ್ಲಿಗೆ ಹೊರಟಿದ್ದೆವು ಎಂಬುದೇ ಮರೆತುಹೋಗುತ್ತದೆ. ಒರಟಾಗಿದ್ದರೂ ಪರವಾಗಿಲ್ಲ, ಪೂರ್ತಿಯಾಗಿರಲಿ.

ವಾರದಲ್ಲಿ ಎಷ್ಟು ಹೊತ್ತು ತರಗತಿ? ಉಳಿದ ಹೊತ್ತು ಏನು ಕೆಲಸ?

ಸೋಮ, ಬುಧ, ಶುಕ್ರವಾರ ಬೆಳಿಗ್ಗೆ 11ರಿಂದ 1.30ರವರೆಗೆ ಪಠ್ಯದ ತರಗತಿ. ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ 2ರಿಂದ 4.30ರವರೆಗೆ ಕಮ್ಮಟ. ವಾರಕ್ಕೆ ಹನ್ನೆರಡೂವರೆ ಗಂಟೆ, ನೋಡಲಿಕ್ಕೆ ಹಗುರ. ಭಾರವೆಲ್ಲ ಹೊರಗಿದೆ. ವಾರಕ್ಕೊಂದು ಪುಸ್ತಕ, ಸುಮಾರು 200 ಪುಟ. ಅದಕ್ಕೆ ಏಳೆಂಟು ಗಂಟೆ ಹಿಡಿಯಿರಿ. ಸಹಪಾಠಿಗಳ ನಾಲ್ಕು ಬರಹ, ಒಟ್ಟು 10,000 ಪದದಷ್ಟು, ಎರಡು ಸಲ ಓದಬೇಕು, ನಾಲ್ಕು ಗಂಟೆ. ಪ್ರತಿ ಬರಹಕ್ಕೂ ಒಂದು ಪುಟದ ಪ್ರತಿಕ್ರಿಯೆ ಪತ್ರ, ಒಂದಕ್ಕೆ ಮುಕ್ಕಾಲು ಗಂಟೆಯಂತೆ ಮೂರು ಗಂಟೆ. ಅಲ್ಲಿಗೆ ಹದಿನಾಲ್ಕು ಹದಿನೈದು ಗಂಟೆಯಾಯಿತು. ನಿಮ್ಮ ಸ್ವಂತ ಬರವಣಿಗೆ ಇದರ ಮೇಲೆ.

ಮೇ ತಿಂಗಳ ಮುಂಬಯಿಯಲ್ಲಿ ಬರೆಯಲು ಬೆಳಗ್ಗೆ 6ರಿಂದ 8.30ಕ್ಕಿಂತ ಒಳ್ಳೆಯ ಹೊತ್ತಿಲ್ಲ. ಸೆಖೆ ಏರಿರುವುದಿಲ್ಲ, ಫೋನು ಬರುವುದಿಲ್ಲ, ಬಿಲ್ಡಿಂಗಿನಲ್ಲಿ ಗೋಡೆ ಕೊರೆಯುವ ಸದ್ದು ಇನ್ನೂ ಶುರುವಾಗಿರುವುದಿಲ್ಲ. ಪಠ್ಯದ ತರಗತಿಯನ್ನು 11ಕ್ಕೆ ಇಟ್ಟಿರುವುದೇ ಈ ಎರಡೂವರೆ ಗಂಟೆ ನಿಮಗೆ ಉಳಿಯಲಿ ಎಂದು. ಅದನ್ನು ಓದಿಗೆ ಕೊಡಬೇಡಿ. ಓದು ಸಂಜೆಗೂ ಆಗುತ್ತದೆ, ಲೋಕಲ್‌ನಲ್ಲಿ ಸೀಟು ಸಿಕ್ಕಿದರೆ ಅಲ್ಲೂ ಆಗುತ್ತದೆ.

ಕಮ್ಮಟದಲ್ಲಿ ನಿಜವಾಗಿ ಏನು ನಡೆಯುತ್ತದೆ?

ಹನ್ನೆರಡು ಜನ, ಒಬ್ಬೊಬ್ಬರಿಗೆ ಎರಡು ಸರದಿ, ಒಟ್ಟು 24 ಬರಹ. ವಾರಕ್ಕೆ ನಾಲ್ಕರಂತೆ ಆರು ವಾರಕ್ಕೆ ಸರಿಯಾಗಿ ಮುಗಿಯುತ್ತದೆ, ಒಂದು ದಿನವೂ ಹೆಚ್ಚು ಉಳಿಯುವುದಿಲ್ಲ. ಆದ್ದರಿಂದ ಸರದಿ ತಪ್ಪಿಸಿಕೊಂಡರೆ ಮತ್ತೆ ಕೊಡಲು ಜಾಗವಿಲ್ಲ. ಮೊದಲ ವಾರದ ನಾಲ್ಕು ಜನ ಊರಿಂದ ಹೊರಡುವ ಮೊದಲೇ ಬರಹ ಕಳಿಸಿರಬೇಕು. ಉಳಿದವರು ತಮ್ಮ ಸರದಿಗೆ ಐದು ದಿನ ಮುಂಚೆ ಕಳಿಸಬೇಕು. ಐದು ದಿನ ಯಾಕೆಂದರೆ ಮೊದಲ ಓದಿಗೂ ಎರಡನೇ ಓದಿಗೂ ನಡುವೆ ಎರಡು ರಾತ್ರಿಯಾದರೂ ಕಳೆಯಬೇಕು. ಮೊದಲ ಓದಿನ ಸಿಟ್ಟು ಅಥವಾ ಮೆಚ್ಚುಗೆ ಆಗ ತಣ್ಣಗಾಗುತ್ತದೆ.

ಒಂದು ಬರಹಕ್ಕೆ ಒಂದು ಗಂಟೆ. ಬರೆದವರು ಮೊದಲ ಪುಟವನ್ನು ಗಟ್ಟಿಯಾಗಿ ಓದುತ್ತಾರೆ. ಕನ್ನಡವನ್ನು ಆರಾಮಾಗಿ ಓದಿದರೆ ನೂರು ಪದಕ್ಕೆ ಹೆಚ್ಚುಕಡಿಮೆ ಒಂದು ನಿಮಿಷ, ಹಾಗಾಗಿ ಇದು ಮೂರು ನಿಮಿಷ. ಆಮೇಲೆ ಅವರ ಬಾಯಿ ಬಂದ್. ಇನ್ನೊಬ್ಬರು ಬರಹದಲ್ಲಿ ಏನಾಗುತ್ತದೆ ಎಂಬುದನ್ನಷ್ಟೇ ಐದು ನಿಮಿಷ ಹೇಳುತ್ತಾರೆ. ಒಳ್ಳೆಯದು, ಕೆಟ್ಟದ್ದು ಎನ್ನುವ ಹಾಗಿಲ್ಲ. ಇಡೀ ಗಂಟೆಯಲ್ಲಿ ಬರೆದವರಿಗೆ ಅತಿ ಹೆಚ್ಚು ಕಲಿಸುವುದು ಈ ಐದು ನಿಮಿಷ. ತಾಯಿ ಮಗಳನ್ನು ಕ್ಷಮಿಸಿದಳು ಎಂದು ನೀವು ಬರೆದಿದ್ದೀರಿ, ಓದಿದವರು ತಾಯಿಗೆ ವಿಷಯ ಗೊತ್ತೇ ಆಗಲಿಲ್ಲ ಎಂದು ಹೇಳುತ್ತಿದ್ದಾರೆ ಎಂದಾದರೆ, ಎಲ್ಲಿ ತಿದ್ದಬೇಕು ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ. ನಂತರ ಇಪ್ಪತ್ತು ನಿಮಿಷ ಕೈಹಿಡಿದ ಜಾಗಗಳ ಬಗ್ಗೆ, ಇಪ್ಪತ್ತು ನಿಮಿಷ ತೊಡಕಿನ ಜಾಗಗಳ ಬಗ್ಗೆ, ಕೊನೆಯ ಹತ್ತು ನಿಮಿಷ ಬರೆದವರ ಪ್ರಶ್ನೆಗಳಿಗೆ. ನಡುವೆ ಅರ್ಧ ಗಂಟೆ ಚಹಾ.

ಹಳಿ ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಬರೆದವರು ತಡೆಯಲಾಗದೆ ವಿವರಣೆಗೆ ಇಳಿಯುತ್ತಾರೆ: "ಅದು ನಿಜವಾಗಿ ನಡೆದದ್ದು." ನಿಜವಾಗಿ ನಡೆದಿದ್ದರೂ ಪುಟದ ಮೇಲೆ ನಡೆಯದಿದ್ದರೆ ಓದುಗರಿಗೆ ಸಿಗುವುದಿಲ್ಲ. ಇನ್ನೊಂದು, ಪುಸ್ತಕ ಪ್ರಕಟಿಸಿದವರು ಮೊದಲು ಮಾತಾಡಿಬಿಟ್ಟರೆ ಉಳಿದವರೆಲ್ಲ ತಲೆಯಾಡಿಸುತ್ತಾರೆ. ಅದಕ್ಕೇ ಇಲ್ಲಿ ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವರು ಮೊದಲು ಮಾತಾಡುತ್ತಾರೆ.

ನನಗೆ 23, ಪಕ್ಕದಲ್ಲಿ ಕೂತವರಿಗೆ ನನ್ನ ಅಮ್ಮನಿಗಿಂತ ಹೆಚ್ಚು ವಯಸ್ಸು. ಅವರ ಕಥೆ ಚೆನ್ನಾಗಿಲ್ಲ ಎಂದು ಹೇಗೆ ಹೇಳುವುದು?

ಅವರನ್ನು ಮೇಡಂ ಅನ್ನಿ, ಅಕ್ಕ ಅನ್ನಿ, ಹೆಸರಿಗೆ "ಅವರೇ" ಸೇರಿಸಿ ಕರೆಯಿರಿ. ಆದರೆ ಮಾತು ಕಥೆಯ ಮೇಲಿರಲಿ. "ನೀವು ಇಲ್ಲಿ ಅವಸರ ಮಾಡಿದ್ದೀರಿ" ಅನ್ನುವುದಕ್ಕಿಂತ "ನಿರೂಪಣೆ ಇಲ್ಲಿ ಓಡುತ್ತದೆ" ಅಂದರೆ ಹೇಳುವವರಿಗೂ ಸಲೀಸು, ಕೇಳುವವರಿಗೂ ನೋವಿಲ್ಲ. ಗೌರವಕ್ಕೆಂದು ಸುಮ್ಮನಿರಬೇಡಿ. ರಜೆ ಹಾಕಿ, ಮನೆ ಬಿಟ್ಟು, ಈ ಸೆಖೆಯಲ್ಲಿ ಬಂದು ಕೂತವರಿಗೆ "ಚೆನ್ನಾಗಿದೆ" ಎಂಬ ಒಂದೇ ಮಾತು ಕೊಟ್ಟು ಕಳಿಸುವುದು ಗೌರವವಲ್ಲ.

ಪ್ರತಿಕ್ರಿಯೆ ಪತ್ರದಲ್ಲಿ ಏನು ಬರೆಯಬೇಕು?

ಪುಟಸಂಖ್ಯೆ ಇಲ್ಲದ ಮಾತು ಬರೆಯಬೇಡಿ. "ಪಾತ್ರ ಇನ್ನೂ ಬೆಳೆಯಬೇಕಿತ್ತು" ಎಂಬುದರಿಂದ ಯಾರಿಗೂ ಏನೂ ಮಾಡಲಾಗುವುದಿಲ್ಲ. "2ನೇ ಪುಟದಲ್ಲಿ ಸುಮಿತ್ರಕ್ಕ ಚಾವಿಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾಳೆ, 5ನೇ ಪುಟದಲ್ಲಿ ಅದೇ ಬಾಗಿಲು ತಟ್ಟಿ ನಿಂತಿದ್ದಾಳೆ, ಚಾವಿ ಮರೆತದ್ದೋ, ಒಳಗೆ ಯಾರೋ ಇದ್ದಾರೆಂದು ಗೊತ್ತಿದ್ದು ತಟ್ಟಿದ್ದೋ ತಿಳಿಯಲಿಲ್ಲ, ಎರಡನೆಯದಾದರೆ ಕಥೆ ಅಲ್ಲೇ ತಿರುಗುತ್ತದೆ" ಎಂದು ಬರೆದರೆ ಬರೆದವರು ಅದೇ ರಾತ್ರಿ ಕೂತು ತಿದ್ದಬಲ್ಲರು. ಒಂದು ಪತ್ರದಲ್ಲಿ ಇಂಥ ಮೂರು ಜಾಗ ಸಾಕು. ಕಾಗುಣಿತದ ತಪ್ಪನ್ನು ಪತ್ರದಲ್ಲಿ ಹೇಳಬೇಡಿ, ಪ್ರತಿಯ ಮೇಲೇ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಡಿ. ಪತ್ರದ ಎರಡು ಪ್ರತಿ ಮಾಡಿ. ಒಂದು ಬರೆದವರಿಗೆ, ಒಂದು ಅಧ್ಯಾಪಕರಿಗೆ, ಯಾಕೆಂದರೆ ಅಂಕದಲ್ಲಿ ಈ ಪತ್ರಗಳಿಗೂ ಪಾಲಿದೆ.

ನನ್ನ ಪಾತ್ರಗಳು ಕುಂದಾಪ್ರ ಕನ್ನಡ ಆಡುತ್ತವೆ. ಧಾರವಾಡದವರಿಗೆ, ಸೊಲ್ಲಾಪುರದವರಿಗೆ ಅರ್ಥವಾಗದಿದ್ದರೆ?

ಬದಲಾಯಿಸಬೇಡಿ. ಒಂದೇ ಕೋಣೆಯಲ್ಲಿ ಉಡುಪಿ, ಧಾರವಾಡ, ಕಲಬುರಗಿ, ಅಕ್ಕಲಕೋಟೆ ಕಡೆಯ ಕನ್ನಡಗಳು, ಜೊತೆಗೆ ಮರಾಠಿ ಹಿಂದಿ ಬೆರೆತ ಮುಂಬಯಿ ಕನ್ನಡ ಇಷ್ಟೂ ಕೂಡುವುದು ಇಲ್ಲಿನ ದೊಡ್ಡ ಲಾಭ. ಸಂಭಾಷಣೆಯನ್ನು ಪುಸ್ತಕದ ಕನ್ನಡಕ್ಕೆ ತಿದ್ದಿ ಎಂಬ ಸಲಹೆಯನ್ನು ಕಮ್ಮಟದಲ್ಲಿ ನಾವು ಒಪ್ಪುವುದಿಲ್ಲ.

ಆದರೆ ಎರಡು ಕೆಲಸ ನಿಮ್ಮದು. ಮೊದಲನೆಯದು, ಬರಹದ ರೂಪ ಒಂದೇ ಥರ ಇರಲಿ. ಮೊದಲ ಪುಟದಲ್ಲಿ "ಹ್ವಾಪ" ಎಂದು ಬರೆದವರು ನಾಲ್ಕನೇ ಪುಟದಲ್ಲಿ ಅದೇ ಪಾತ್ರದ ಬಾಯಲ್ಲಿ "ಹೋಗೋಣ" ಹಾಕಿದರೆ ಓದುಗರು ಅದರಲ್ಲಿ ಅರ್ಥ ಹುಡುಕುತ್ತಾರೆ. ಎರಡನೆಯದು, ಕಷ್ಟದ ಪದದ ಅರ್ಥ ಸುತ್ತಲಿನ ಕ್ರಿಯೆಯಲ್ಲೇ ಸಿಗುವಂತೆ ಮಾಡಿ. ಅಡಿಟಿಪ್ಪಣಿ ಕೊನೆಯ ಉಪಾಯ. ಒಂದು ಪುಟದಲ್ಲಿ ಐದಾರು ಪದ ಸಂದರ್ಭದಿಂದಲೂ ತಿಳಿಯದಿದ್ದರೆ ಸಹಪಾಠಿಗಳು ಅಡಿಗೆರೆ ಹಾಕಿ ಕೊಡುತ್ತಾರೆ. ಹೊರಗಿನ ಓದುಗರು ಎಲ್ಲಿ ಎಡವುತ್ತಾರೆ ಎಂಬುದು ಹೀಗಲ್ಲದೆ ನಿಮಗೆ ಇನ್ನೆಲ್ಲೂ ಸಿಗುವುದಿಲ್ಲ.

ಬರಹವನ್ನು ಯಾವ ರೂಪದಲ್ಲಿ ಕಳಿಸಬೇಕು? ನಾನು ಹಳೆಯ ನುಡಿಯಲ್ಲಿ ಟೈಪ್ ಮಾಡುವವನು.

ಯೂನಿಕೋಡ್ ಮಾತ್ರ, ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತ. ಪ್ರತಿ ವರ್ಷ ಮೊದಲ ವಾರ ಹಾಳಾಗುವುದು ಇದರಿಂದಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಹಳೆಯ ನುಡಿ, ಹಳೆಯ ಬರಹ ತಂತ್ರಾಂಶಗಳಲ್ಲಿ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತದಲ್ಲಿ ಇರುವುದು ನಿಜವಾಗಿ ಇಂಗ್ಲಿಷ್ ಮತ್ತು ಇತರ ಚಿಹ್ನೆಗಳು. ಫಾಂಟು ಅವುಗಳ ಮೇಲೆ ಕನ್ನಡದ ಆಕಾರ ತೋರಿಸುತ್ತದೆ. ಆ ಫಾಂಟು ಇಲ್ಲದ ಫೋನಿನಲ್ಲಿ, ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ಬದಲಾಯಿಸಬಹುದು, ಆದರೆ ಅಲ್ಲಿಗೇ ಬಿಡಬಾರದು. ಪರಿವರ್ತನೆಯಾದ ಮೇಲೆ ನಾಲ್ಕು ಕಡೆ ಕಣ್ಣಾಡಿಸಿ: ಅರ್ಕಾವೊತ್ತು ಇರುವ ಪದಗಳು (ಸೂರ್ಯ, ವರ್ಷ, ಅರ್ಥ), ಎರಡು ಒತ್ತಕ್ಷರ ಸೇರುವ ಪದಗಳು (ರಾಷ್ಟ್ರ, ಸ್ತ್ರೀ), ಉದ್ಧರಣ ಚಿಹ್ನೆಗಳು, ಮತ್ತು ನಡುವೆ ಇಂಗ್ಲಿಷ್ ಲಿಪಿಯಲ್ಲಿ ಬರೆದ ಪದಗಳು. ಕೊನೆಯವು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ತಿರುಗಿರುತ್ತವೆ.

ಹೊಸದಾಗಿ ಟೈಪ್ ಮಾಡುವವರು ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಕಲಿತರೆ ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ. ಫೋನಿನಲ್ಲಿ ಮಾತಾಡಿ ಬರೆಸುವವರೂ ಇದ್ದಾರೆ. ಅಡ್ಡಿಯಿಲ್ಲ, ಆದರೆ ಅಲ್ಪಪ್ರಾಣ ಮಹಾಪ್ರಾಣ, ಲ ಮತ್ತು ಳ ಅದಲುಬದಲಾಗುತ್ತವೆ, ಗ್ರಾಮ್ಯ ಮಾತು ಶಿಷ್ಟವಾಗಿ ಬಿಡುತ್ತದೆ. ಒಂದೊಂದು ಸಾಲೂ ತಿದ್ದಬೇಕು.

ಅಕ್ಷರದ ಗಾತ್ರ 13, ಸಾಲಿನ ಅಂತರ ಒಂದೂವರೆ, ಬಲಗಡೆ ಎರಡು ಇಂಚು ಖಾಲಿ, ಪ್ರತಿ ಪುಟಕ್ಕೂ ಸಂಖ್ಯೆ. ಅಂತರ ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಓದುವುದೇ ಕಷ್ಟ. ಕಳಿಸುವಾಗ ವರ್ಡ್ ಕಡತದ ಜೊತೆ ಪಿಡಿಎಫ್ ಕೂಡ ಇರಲಿ. ಮುದ್ರಣಕ್ಕೆ ಅಂಗಡಿಗೆ ಕೊಡುವುದು ಪಿಡಿಎಫ್ ಮಾತ್ರ. ಮೊದಲು ಒಂದೇ ಪುಟ ತೆಗೆಸಿ ನೋಡಿ, ಆಮೇಲೆ ಹದಿಮೂರು ಪ್ರತಿ ಹೇಳಿ: ಅಧ್ಯಾಪಕರಿಗೊಂದು, ಉಳಿದ ಹನ್ನೆರಡು ನೀವೂ ಸೇರಿ. ಅಂಗಡಿಯವರಿಗೆ ಕನ್ನಡ ಓದಲು ಬರುವುದಿಲ್ಲ. ಪುಟ ಹಿಂದುಮುಂದಾದರೆ ಅವರಿಗೆ ತಿಳಿಯುವುದು ಸಂಖ್ಯೆಯಿಂದಲೇ.

ಎಲ್ಲಿ ಉಳಿದುಕೊಳ್ಳುವುದು? ಡೊಂಬಿವಲಿಯಲ್ಲಿ ಚಿಕ್ಕಪ್ಪ ಇದ್ದಾರೆ.

ಸಂಬಂಧಿಕರ ಮನೆ ಇದ್ದರೆ ಹಣ ಉಳಿಯುತ್ತದೆ, ಮನೆಯೂಟ ಸಿಗುತ್ತದೆ. ಕಳೆದುಕೊಳ್ಳುವುದು ಹೊತ್ತು ಮತ್ತು ಏಕಾಂತ. ಡೊಂಬಿವಲಿಯಿಂದ ಕುರ್ಲಾಕ್ಕೆ ಬಂದು ಅಲ್ಲಿಂದ ಬಸ್ಸೋ ಆಟೋವೋ ಹಿಡಿದು ತಲುಪಲು ಒಂದೂವರೆ ಗಂಟೆ ಇಟ್ಟುಕೊಳ್ಳಿ. ಹೋಗಿಬರಲು ಮೂರು ಗಂಟೆ. ಆರು ವಾರಕ್ಕೆ ಗುಣಿಸಿದರೆ ತೊಂಬತ್ತು ಗಂಟೆ, ಅಂದರೆ ಇಡೀ ತರಗತಿಯ ಅವಧಿಗಿಂತ ಹೆಚ್ಚು. ವನ್ ರೂಮ್ ಕಿಚನ್ ಮನೆಯಲ್ಲಿ ರಾತ್ರಿ ಹತ್ತರವರೆಗೆ ಟಿ.ವಿ., ಅದೂ ಬೇಸಿಗೆ ರಜೆ, ಮಕ್ಕಳೆಲ್ಲ ಮನೆಯಲ್ಲೇ. ಜೊತೆಗೆ ಏಪ್ರಿಲ್ ಮೇ ಅಂದರೆ ಮದುವೆ, ಮುಂಜಿಯ ಕಾಲ. ಮನೆಯವನೇ ಆದ ಮೇಲೆ ಎಲ್ಲದಕ್ಕೂ ಹೋಗಬೇಕು.

ಅಲ್ಲೇ ಉಳಿಯುವುದಾದರೆ ಬಂದ ದಿನವೇ ಚಿಕ್ಕಮ್ಮನ ಹತ್ತಿರ ಕೂತು ಹೇಳಿಬಿಡಿ: ಬೆಳಗ್ಗೆ ಈ ಎರಡೂವರೆ ಗಂಟೆ ನನ್ನನ್ನು ಮಾತಾಡಿಸಬೇಡಿ, ಭಾನುವಾರ ಪೂರ್ತಿ ನಿಮ್ಮವನು. ಹೇಳದೆ ಮುಖ ಸಿಂಡರಿಸಿಕೊಂಡು ಕೂತರೆ ಊರಿಗೆ ಬೇರೆಯೇ ಸುದ್ದಿ ಹೋಗುತ್ತದೆ. ಎಷ್ಟೋ ಜನ ಅಡುಗೆಮನೆಯ ಮೂಲೆಯಲ್ಲಿ, ಎಲ್ಲರೂ ಏಳುವ ಮುಂಚೆ, ಒಳ್ಳೆಯ ಕಥೆಗಳನ್ನು ಬರೆದು ಹೋಗಿದ್ದಾರೆ.

ಪಿ.ಜಿ. (ಪೇಯಿಂಗ್ ಗೆಸ್ಟ್) ಕೋಣೆ ಹುಡುಕುವವರು ಸಾಂತಾಕ್ರೂಜ್ ಪೂರ್ವ, ವಾಕೋಲಾ, ಕಲೀನಾ ಕಡೆ ನೋಡಿ. ಮಾಲೀಕರು ತಿಂಗಳ ಲೆಕ್ಕದಲ್ಲೇ ಕೊಡುವುದು, ಆರು ವಾರಕ್ಕೆ ಎರಡು ತಿಂಗಳ ಬಾಡಿಗೆ ಕೇಳುತ್ತಾರೆ. ಇಬ್ಬರು ಸೇರಿ ಒಂದೇ ಕಡೆ ಹಿಡಿದರೆ ಒಂದೂವರೆ ತಿಂಗಳಿಗೆ ಒಪ್ಪಿಸುವುದು ಸುಲಭ. ಮುಂಗಡ ಕೊಟ್ಟರೆ ರಸೀದಿ ಪಡೆಯಿರಿ. ಪೊಲೀಸರಿಗೆ ಬಾಡಿಗೆದಾರರ ಮಾಹಿತಿ ಕೊಡುವ ನಿಯಮ ಇಲ್ಲಿದೆ. ಆಧಾರ್ ಪ್ರತಿ, ಎರಡು ಫೋಟೋ, ತರಗತಿಯ ಪ್ರವೇಶಪತ್ರ ಜೊತೆಗಿರಲಿ. ಬರೆಯಲು ಮೇಜು ಇದೆಯೇ, ಮೇಜಿನ ಹತ್ತಿರ ಪ್ಲಗ್ ಇದೆಯೇ, ಫ್ಯಾನಿನ ಗಾಳಿ ಅಲ್ಲಿಗೆ ಬರುತ್ತದೆಯೇ ಎಂದು ಸ್ವತಃ ಕೂತು ನೋಡಿ. ಫೋಟೋ ನೋಡಿ ಹಣ ಹಾಕಬೇಡಿ.

ಲೋಕಲ್ ರೈಲಿನ ಅಭ್ಯಾಸವಿಲ್ಲ. ಏನು ತಿಳಿದಿರಬೇಕು?

ಸಾಂತಾಕ್ರೂಜ್ ಪಶ್ಚಿಮ ಮಾರ್ಗದಲ್ಲಿದೆ, ಸ್ಲೋ ಗಾಡಿ ಮಾತ್ರ ನಿಲ್ಲುತ್ತದೆ. ಬೊರಿವಲಿ, ವಿರಾರ್ ಕಡೆಯಿಂದ ಫಾಸ್ಟ್ ಹತ್ತಿದವರು ಅಂಧೇರಿಯಲ್ಲಿ ಇಳಿದು ಸ್ಲೋ ಹಿಡಿಯಬೇಕು. ಮರೆತರೆ ಬಾಂದ್ರಾಕ್ಕೆ ಹೋಗಿ ತಿರುಗಿ ಬರಬೇಕು. ಥಾಣೆ, ಡೊಂಬಿವಲಿಯವರು ಮಧ್ಯ ಮಾರ್ಗದಲ್ಲಿ, ನೆರುಲ್, ವಾಶಿಯವರು ಹಾರ್ಬರ್ ಮಾರ್ಗದಲ್ಲಿ ಕುರ್ಲಾಕ್ಕೆ ಬನ್ನಿ.

ಬೆಳಗ್ಗೆ ಜನ ದಕ್ಷಿಣಕ್ಕೆ, ಸಂಜೆ ಉತ್ತರಕ್ಕೆ. ಕಮ್ಮಟ ಮುಗಿದ 4.30ಕ್ಕೇ ಹೊರಟರೆ ಉಸಿರಾಡುತ್ತಾ ಹೋಗಬಹುದು. ಚಹಾ ಕುಡಿಯುತ್ತಾ 6 ಮಾಡಿದರೆ ಎಂಟೂವರೆ ತನಕ ಓದುತ್ತಾ ಕೂತು ಹೋಗುವುದೇ ಮೇಲು. ಮೊದಲ ದಿನವೇ ಎರಡನೇ ದರ್ಜೆಯ ತಿಂಗಳ ಪಾಸ್ ಮಾಡಿಸಿ, ಗುರುತುಚೀಟಿ ಇಟ್ಟುಕೊಳ್ಳಿ. ಭಾನುವಾರ ಮೆಗಾ ಬ್ಲಾಕ್ ಇರುತ್ತದೆ, ಅಂದರೆ ಹಳಿ ದುರಸ್ತಿಗೆಂದು ಕೆಲವು ಗಂಟೆ ಗಾಡಿ ನಿಲ್ಲಿಸುತ್ತಾರೆ. ಯಾವ ಮಾರ್ಗ, ಎಷ್ಟು ಹೊತ್ತು ಎಂಬುದು ಶನಿವಾರದ ಪತ್ರಿಕೆಯಲ್ಲಿ ಬರುತ್ತದೆ. ಲ್ಯಾಪ್‌ಟಾಪ್ ಚೀಲವನ್ನು ಬೆನ್ನಿಗಲ್ಲ, ಎದೆಗೆ ಹಾಕಿಕೊಳ್ಳಿ.

ಫೋರ್ಟ್ ಕಡೆಗೆ ಗ್ರಂಥಾಲಯಕ್ಕೆ ಹೋಗುವ ದಿನ ನೆಲದಡಿಯ ಮೆಟ್ರೊ 3ನೇ ಮಾರ್ಗ ಅನುಕೂಲ: ಸಾಂತಾಕ್ರೂಜ್‌ನಲ್ಲಿ ಹತ್ತಿ ಹುತಾತ್ಮಾ ಚೌಕದಲ್ಲಿ ಇಳಿಯಬಹುದು. ದರ ಲೋಕಲ್‌ಗಿಂತ ಹೆಚ್ಚು, ಆದರೆ ತಂಪಾಗಿ ಕೂತು ಓದಬಹುದು.

ಊಟ?

ತರಗತಿಯ ಹತ್ತಿರ ಡಬ್ಬಾ ತರಿಸಬಹುದು, ವಾರದ ಲೆಕ್ಕದಲ್ಲಿ ಮಾತಾಡಿ. ಊರ ಊಟ ನೆನಪಾದಾಗ ಮಾಟುಂಗಾಕ್ಕೆ ಹೋಗಿ. ಅಲ್ಲಿನ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಎಲೆ ಊಟ ಹಾಕುತ್ತಿದೆ. ಭಾನುವಾರ ಮಧ್ಯಾಹ್ನ ಸಾಲು ಉದ್ದ, ವಾರದ ದಿನ ಹೋಗಿ.

ಬೇಕಾದ ಕನ್ನಡ ಪುಸ್ತಕ ಇಲ್ಲಿ ಸಿಗುತ್ತದೆಯೇ?

ಪಠ್ಯದ ಆರು ಪುಸ್ತಕಗಳನ್ನು ಊರಲ್ಲೇ ಕೊಂಡು ತನ್ನಿ. ಬೆಂಗಳೂರು, ಧಾರವಾಡದ ಹಾಗೆ ಅಂಗಡಿಗೆ ಹೋಗಿ ಕನ್ನಡ ಪುಸ್ತಕ ಕೊಳ್ಳುವ ಅನುಕೂಲ ಇಲ್ಲಿಲ್ಲ, ಅಂಚೆಯಲ್ಲಿ ತರಿಸಿದರೆ ವಾರ ಕಳೆಯುತ್ತದೆ, ಆ ಪುಸ್ತಕದ ಚರ್ಚೆ ಅಷ್ಟರಲ್ಲಿ ಮುಗಿದಿರುತ್ತದೆ. ಹಕ್ಕುಸ್ವಾಮ್ಯ ಮುಗಿದ ಹಳೆಯ ಕೃತಿಗಳಿಗೆ ಅಂತರಜಾಲದಲ್ಲಿ ಸ್ಕ್ಯಾನ್ ಪ್ರತಿಗಳಿವೆ. ಹುಡುಕಲು ಪುಸ್ತಕ ಸಂಚಯ, ಕಣಜ ಜಾಲತಾಣಗಳು ನೆರವಾಗುತ್ತವೆ.

ಸಂಶೋಧನೆಯವರಿಗೆ ನಗರ ಶ್ರೀಮಂತವಾಗಿದೆ. ಕಲೀನಾದ ವಿದ್ಯಾನಗರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಜವಾಹರಲಾಲ್ ನೆಹರೂ ಗ್ರಂಥಾಲಯ, ಫೋರ್ಟಿನಲ್ಲಿ 1878ರಲ್ಲಿ ಮುಗಿದ ರಾಜಾಬಾಯಿ ಗೋಪುರದ ಅಡಿಯ ಗ್ರಂಥಾಲಯ, 1804ರಲ್ಲಿ ಹುಟ್ಟಿ ಈಗ ಟೌನ್ ಹಾಲ್‌ನಲ್ಲಿರುವ ಏಷ್ಯಾಟಿಕ್ ಸೊಸೈಟಿ. ಎಲ್ಲೂ ನೇರವಾಗಿ ಒಳಗೆ ಹೋಗಿ ಕೂರಲಾಗುವುದಿಲ್ಲ. ನಿಮ್ಮ ವಿಭಾಗದ ಮುಖ್ಯಸ್ಥರ ಸಹಿ, ಮೊಹರು ಇರುವ ಪತ್ರವನ್ನು ಊರಿಂದಲೇ ಮೂರು ಪ್ರತಿ ತನ್ನಿ. ಏನು ವಿಷಯ, ಎಷ್ಟು ದಿನ ಎಂಬುದು ಅದರಲ್ಲಿರಲಿ. ಇಲ್ಲಿಗೆ ಬಂದ ಮೇಲೆ ತರಿಸುತ್ತೇನೆ ಅಂದರೆ, ಬೇಸಿಗೆ ರಜೆಯಲ್ಲಿ ಸಹಿ ಹಾಕುವವರೇ ಊರಲ್ಲಿರುವುದಿಲ್ಲ.

ಉಪನ್ಯಾಸ, ನಾಟಕ, ಪುಸ್ತಕ ಬಿಡುಗಡೆ ಎಲ್ಲೆಲ್ಲಿವೆ ಎಂದು ತಿಳಿಯಲು ಇಲ್ಲಿನ ಕನ್ನಡ ಪತ್ರಿಕೆ ಕರ್ನಾಟಕ ಮಲ್ಲ ಮತ್ತು ಉದಯವಾಣಿಯ ಮುಂಬಯಿ ಆವೃತ್ತಿ ನೋಡುತ್ತಿರಿ. ಮಾಟುಂಗಾ ಪೂರ್ವದ ಮೈಸೂರು ಅಸೋಸಿಯೇಷನ್, ಮಾಟುಂಗಾ ಪಶ್ಚಿಮದ ಕರ್ನಾಟಕ ಸಂಘ ಎರಡೂ ಕಡೆ ಕನ್ನಡ ಕಾರ್ಯಕ್ರಮ ನಡೆಯುತ್ತಿರುತ್ತವೆ. ವಾರಕ್ಕೆ ಒಂದಕ್ಕೆ ಹೋದರೆ ಸಾಕು. ಎಲ್ಲದಕ್ಕೂ ಹೋದವರು ಕೊನೆಯ ವಾರ ರಾತ್ರಿ ನಿದ್ದೆಗೆಟ್ಟು ಬರೆಯುತ್ತಾರೆ.

ಸೆಖೆ ಹೇಗಿರುತ್ತದೆ? ಮಳೆಗೆ ಸಿದ್ಧವಾಗಬೇಕೇ?

ತಾಪಮಾನ 33, 34 ಡಿಗ್ರಿ ಅಷ್ಟೇ, ಕಲಬುರಗಿಯವರಿಗೆ ಕಡಿಮೆ ಅನಿಸಬಹುದು; ಬೆವರು ಆರದಿರುವುದೇ ಇಲ್ಲಿನ ಕಷ್ಟ. ಮುಂಗೈ ತಾಗಿದಲ್ಲಿ ಕಾಗದ ಒದ್ದೆಯಾಗಿ ಜೆಲ್ ಪೆನ್ನಿನ ಅಕ್ಷರ ಹರಡುತ್ತದೆ. ಬಾಲ್ ಪೆನ್ನು ಅಥವಾ ಪೆನ್ಸಿಲ್ ಬಳಸಿ, ಕೈ ಕೆಳಗೆ ಒಂದು ಒಣ ಹಾಳೆ ಇಟ್ಟುಕೊಳ್ಳಿ.

ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಆದರೆ 2025ರಲ್ಲಿ ಮೇ 26ಕ್ಕೇ ಬಂದುಬಿಟ್ಟಿತು. ಕೊನೆಯ ವಾರ ಲೋಕಲ್ ನಿಂತರೆ ಕಮ್ಮಟ ಫೋನಿನ ವೀಡಿಯೊದಲ್ಲಿ ನಡೆಯುತ್ತದೆ. ಪ್ಲಾಸ್ಟಿಕ್ ಫೈಲು, ಮಡಚುವ ಕೊಡೆ ಮೊದಲೇ ಇರಲಿ.

ಮರಾಠಿ ಬಾರದವರಿಗೆ ಅನುವಾದದ ತರಗತಿ ಕಷ್ಟವಾಗುತ್ತದೆಯೇ?

ಮರಾಠಿಯಿಂದ ಕನ್ನಡಕ್ಕೆ ಅನುವಾದಿಸಲು ಇಬ್ಬಿಬ್ಬರ ಜೋಡಿ ಮಾಡುತ್ತೇವೆ: ಮರಾಠಿ ಚೆನ್ನಾಗಿ ಬಲ್ಲ ಮುಂಬಯಿ, ಸೊಲ್ಲಾಪುರ ಕಡೆಯವರೊಬ್ಬರು, ಕನ್ನಡ ಗದ್ಯದಲ್ಲಿ ಪಳಗಿದವರೊಬ್ಬರು. ಮೊದಲು ಶಬ್ದಶಃ ಕರಡು, ಆಮೇಲೆ ಮೂಲ ಮುಚ್ಚಿಟ್ಟು ಕನ್ನಡವನ್ನಷ್ಟೇ ನೋಡಿ ಎರಡನೇ ಕರಡು, ಕೊನೆಗೆ ಮತ್ತೆ ಮೂಲದೊಂದಿಗೆ ಸಾಲುಸಾಲಾಗಿ ತಾಳೆ. ಎರಡು ಪುಟಕ್ಕೆ ಒಂದು ವಾರ ಬೇಕು. ಎರಡೂ ಭಾಷೆಗೆ ಸಾಮಾನ್ಯವಾದ ಸಂಸ್ಕೃತ ಪದಗಳ ಬಗ್ಗೆ ಎಚ್ಚರವಿರಲಿ. ಮರಾಠಿಯಲ್ಲಿ "ಶಿಕ್ಷಣ" ಕನ್ನಡದ ಹಾಗೆಯೇ ಇದೆ, ಆದರೆ "ಸಂಸಾರ", "ಅವಸ್ಥೆ" ಬಂದಾಗ ಅದೇ ಪದ ಇಲ್ಲೂ ಹೊಂದುತ್ತದೆ ಎಂದು ನಂಬದೆ ವಾಕ್ಯ ಓದಿ ನೋಡಿ.

ತರಗತಿಯ ಅಭ್ಯಾಸಕ್ಕೆ ಯಾರ ಅನುಮತಿಯೂ ಬೇಡ. ಪ್ರಕಟಿಸುವುದಾದರೆ ಮೂಲ ಲೇಖಕರಿಂದ ಅಥವಾ ಹಕ್ಕುದಾರರಿಂದ ಲಿಖಿತ ಒಪ್ಪಿಗೆ ಬೇಕು. ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1964ರಲ್ಲಿ ತೀರಿಕೊಂಡವರ ಬರಹ ಮುಕ್ತವಾದದ್ದು 2025ರ ಜನವರಿಯಲ್ಲಿ.

ಕ್ರೆಡಿಟ್ ಸಿಗುತ್ತದೆಯೇ?

ನಾಲ್ಕು. ಪಠ್ಯದ ತರಗತಿ 45 ಗಂಟೆ, 15 ಗಂಟೆಗೆ ಒಂದರಂತೆ ಮೂರು. ಕಮ್ಮಟ 30 ಗಂಟೆಯ ಪ್ರಾಯೋಗಿಕ, ಅದಕ್ಕೆ ಒಂದು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬಿಡುವುದು ನಿಮ್ಮ ವಿಶ್ವವಿದ್ಯಾಲಯದ ನಿರ್ಧಾರ, ಬರುವ ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಎ.ಐ. ಬಳಸಬಹುದೇ?

ಕರಡು ಬರೆಸಲು, ಪ್ರತಿಕ್ರಿಯೆ ಪತ್ರ ಬರೆಸಲು ಬಳಸುವಂತಿಲ್ಲ. ಪುಟದ ಮೇಲಿನ ಒಂದು ವಾಕ್ಯ ಯಾಕೆ ಹೀಗಿದೆ ಎಂದು ಹನ್ನೊಂದು ಜನ ಕೂತು ತಲೆಕೆಡಿಸಿಕೊಳ್ಳುವಾಗ, ಹಾಗೆ ಯಾಕೆ ಬರೆದೆ ಎಂದು ಬಲ್ಲವರು ಒಬ್ಬರಾದರೂ ಆ ಕೋಣೆಯಲ್ಲಿರಬೇಕು. ಸ್ಕ್ಯಾನ್ ಪುಟದಿಂದ ಅಕ್ಷರ ಎತ್ತಲು ಬಳಸಿ, ಅಡ್ಡಿಯಿಲ್ಲ.

ನಮ್ಮ ಮನೆಯದೇ ಕಥೆ ಬರೆದಿದ್ದೇನೆ. ಸಹಪಾಠಿಗಳಲ್ಲಿ ಪರಿಚಯದವರಿದ್ದರೆ?

ಇರುತ್ತಾರೆ. ಮುಂಬಯಿ ಕನ್ನಡಿಗರ ಲೋಕ ಚಿಕ್ಕದು. ಒಂದೇ ಊರಿನ, ಒಂದೇ ಸಮಾಜದ ಇಬ್ಬರು ಪ್ರತಿ ತಂಡದಲ್ಲೂ ಸಿಗುತ್ತಾರೆ. ಕಮ್ಮಟದ ಪ್ರತಿಗಳನ್ನು ಕೊನೆಯಲ್ಲಿ ಬರೆದವರಿಗೇ ಹಿಂದಿರುಗಿಸಬೇಕು, ಫೋಟೋ ತೆಗೆಯುವಂತಿಲ್ಲ, ವಾಟ್ಸಾಪ್‌ನಲ್ಲಿ ಮುಂದಕ್ಕೆ ಕಳಿಸುವಂತಿಲ್ಲ. ಈ ನಿಯಮ ಮುರಿದವರು ತರಗತಿಯಲ್ಲಿ ಉಳಿಯುವುದಿಲ್ಲ, ಇದರಲ್ಲಿ ರಿಯಾಯಿತಿ ಇಲ್ಲ. ನಿಮ್ಮ ಕಡೆಯಿಂದ ಹೆಸರು, ಊರು, ಉದ್ಯೋಗ ಮೂರನ್ನೂ ಬದಲಾಯಿಸಿ. ಹೆಸರೊಂದನ್ನೇ ಬದಲಾಯಿಸಿದರೆ ಗುರುತು ಸಿಕ್ಕೇ ಸಿಗುತ್ತದೆ. ಬದುಕಿರುವವರ ಕಾಯಿಲೆ, ಸಾಲ, ಮುರಿದ ಮದುವೆ ಇವುಗಳಿದ್ದರೆ ಸರದಿಗೆ ಕೊಡುವ ಮೊದಲು ಅಧ್ಯಾಪಕರ ಜೊತೆ ಒಮ್ಮೆ ಮಾತಾಡಿ.

ಮೂರು ನಾಲ್ಕನೇ ವಾರದಲ್ಲಿ ಏನೂ ಬರೆಯಲಾಗುವುದಿಲ್ಲ ಎನ್ನುತ್ತಾರಲ್ಲ?

ಹೆಚ್ಚಿನವರಿಗೆ ಹಾಗಾಗುತ್ತದೆ. ಮೊದಲ ಸರದಿ ಮುಗಿದಿರುತ್ತದೆ, ಕೈಯಲ್ಲಿ ಹನ್ನೊಂದು ಪತ್ರಗಳಿರುತ್ತವೆ, ಒಂದು ಇನ್ನೊಂದಕ್ಕೆ ವಿರುದ್ಧ. ಎಲ್ಲವನ್ನೂ ಒಪ್ಪಿ ತಿದ್ದಲು ಹೊರಟರೆ ಕಥೆ ಯಾರದೂ ಅಲ್ಲದಂತಾಗುತ್ತದೆ. ಪತ್ರಗಳನ್ನು ಮೂರು ದಿನ ಮುಟ್ಟಬೇಡಿ. ನಾಲ್ಕನೇ ದಿನ ಒಂದು ಹಾಳೆಯಲ್ಲಿ ಪುಟಸಂಖ್ಯೆ ಬರೆದು, ಯಾವ ಪುಟದ ಬಗ್ಗೆ ಎಷ್ಟು ಜನ ತೊಡಕು ಹೇಳಿದ್ದಾರೆ ಎಂದು ಗೆರೆ ಎಳೆಯುತ್ತಾ ಹೋಗಿ. ನಾಲ್ಕಕ್ಕಿಂತ ಹೆಚ್ಚು ಗೆರೆ ಬಿದ್ದ ಪುಟದಲ್ಲಿ ತೊಂದರೆ ಇರುವುದು ನಿಜ. ಅವರು ಹೇಳಿದ ಪರಿಹಾರ ಮಾತ್ರ ತಪ್ಪಿರಬಹುದು. ಅಂಥ ಜಾಗ ಒಂದು ಕಥೆಯಲ್ಲಿ ಎರಡೋ ಮೂರೋ ಇರುತ್ತವೆ. ಅಷ್ಟನ್ನು ತಿದ್ದಿ, ಉಳಿದದ್ದು ಬಿಡಿ.

ಕೊನೆಗೆ ಒಪ್ಪಿಸುವ 30 ಪುಟದ ಸಂಪುಟದಲ್ಲಿ ಮೊದಲ ಕರಡು ಮತ್ತು ತಿದ್ದಿದ ಕರಡು ಎರಡೂ ಇರಬೇಕು. ಹಳೆಯ ಕಡತದ ಮೇಲೇ ತಿದ್ದಿ ಉಳಿಸಿಬಿಟ್ಟು ಮೊದಲನೆಯದನ್ನು ಕಳೆದುಕೊಳ್ಳುವವರು ಬಹಳ. ಪ್ರತಿ ಸಲ ದಿನಾಂಕ ಹಾಕಿ ಹೊಸ ಹೆಸರಲ್ಲಿ ಉಳಿಸಿ.

ತಿದ್ದಿದ ಕಥೆಯನ್ನು ಎಲ್ಲಿಗೆ ಕಳಿಸಬಹುದು?

ಮಯೂರ, ತುಷಾರದಂಥ ಮಾಸಿಕಗಳು, ಸುಧಾ, ತರಂಗದಂಥ ವಾರಪತ್ರಿಕೆಗಳು, ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳು ಇವೆ. ಸ್ಪರ್ಧೆಯ ಪ್ರಕಟಣೆಗೆ ಜುಲೈನಿಂದಲೇ ಕಣ್ಣಿಡಿ. ಫೇಸ್‌ಬುಕ್‌ನಲ್ಲಿ ಹಾಕಿದ ಕಥೆಯನ್ನು ಪ್ರಕಟವಾದದ್ದೆಂದೇ ಸಂಪಾದಕರು ಪರಿಗಣಿಸುತ್ತಾರೆ, ಹಾಗಾಗಿ ಗೆಳೆಯರಿಗೆ ತೋರಿಸುವ ಆತುರದಲ್ಲಿ ಅಲ್ಲಿ ಹಾಕಬೇಡಿ. ಒಂದೇ ಕಥೆಯನ್ನು ಒಂದೇ ಸಲ ಎರಡು ಕಡೆ ಕಳಿಸಬೇಡಿ. ಪದಮಿತಿ ಇದ್ದರೆ ಪಾಲಿಸಿ. ಯೂನಿಕೋಡ್ ಪಠ್ಯ, ಪೂರ್ಣ ವಿಳಾಸ, ಸ್ವಂತ ರಚನೆ ಎಂಬ ಒಂದು ಸಾಲು ಜೊತೆಗಿರಲಿ.

ಊರಿಗೆ ಮರಳುವ ಟಿಕೆಟ್ ಯಾವಾಗ ಮಾಡಿಸಬೇಕು?

ಬರುವ ಟಿಕೆಟ್ಟಿಗಿಂತ ಅದೇ ಕಷ್ಟ, ಮೇ ಕೊನೆಗೆ ಊರಿಗೆ ಹೋದವರೂ ಊರಿಂದ ಬಂದವರೂ ಎಲ್ಲ ಓಡಾಡುವ ಹೊತ್ತು. ರೈಲಿನಲ್ಲಿ ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ಹೊರಡುವ ದಿನದಿಂದ 60 ದಿನ ಹಿಂದಕ್ಕೆ ಎಣಿಸಿ, ಆ ದಿನ ಬೆಳಗ್ಗೆ 8ಕ್ಕೆ ಸರಿಯಾಗಿ ಕೂತು ಮಾಡಿ; ಕರಾವಳಿಗೆ ಹೋಗುವ ಮತ್ಸ್ಯಗಂಧ ಗಾಡಿಗೆ ಸ್ವಲ್ಪ ಹೊತ್ತಾದರೂ ವೇಟಿಂಗ್ ಲಿಸ್ಟ್. ತತ್ಕಾಲ್ ಹಿಂದಿನ ದಿನ, ಎ.ಸಿ.ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. ಜೂನ್ ಮಧ್ಯದ ನಂತರ ಹೋಗುವವರು ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ನೋಡಿಕೊಳ್ಳಿ, ಗಾಡಿಗಳು ನಿಧಾನ ಓಡುತ್ತವೆ, ಹೊರಡುವ ಹೊತ್ತೂ ಬದಲಾಗುತ್ತದೆ. ಕೊನೆಯ ಕಮ್ಮಟದ ದಿನವೇ ಟಿಕೆಟ್ ಮಾಡಿಸಬೇಡಿ. ಮರುದಿನ ಸಂಪುಟ ಒಪ್ಪಿಸಿ, ಗ್ರಂಥಾಲಯದ ಪುಸ್ತಕ ಹಿಂದಿರುಗಿಸಿ, ಪಿ.ಜಿ. ಮುಂಗಡ ವಾಪಸು ಪಡೆದು ಹೊರಡಲು ಒಂದು ಪೂರ್ತಿ ದಿನ ಬೇಕೇ ಬೇಕು.